ಕವಿ, ಕಲಾವಿದ, ಸರೋದ್ ವಾದಕ ಸೇರಿ ಮಾಡಿದ ಸಿನಿಮಾ



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. "ಮಗಳು ಸಂಗೀತ ಕಲೀತಾಳೆ, ಚಿತ್ರ ಬರೀತಾಳೆ, ಈಗ ನಾಟಕಕ್ಕೂ ಸೇರ್ತೀನಿ ಅಂತಾಳೆ. ಯಾವುದಾದರೂ ಒಂದನ್ನೇ ಗಟ್ಟಿಯಾಗಿ ಹಿಡ್ಕೋ ಅಂತ ಹೇಳಬೇಕೋ, ಬೇಡವೋ?" ಕೇಳುವ ಅಮ್ಮಂದಿರ, ಅಪ್ಪಂದಿರ ಆತಂಕ ಸಹಜವೇ. ಮಹಾನಗರದಲ್ಲಿ ಒಂದು ತರಗತಿಯಿಂದ ಇನ್ನೊಂದು ತರಗತಿಗೆ ಮಗುವನ್ನು ಕರೆದೊಯ್ಯುವುದರಲ್ಲೇ ಅರ್ಧ ದಿನ ಹೋಗುತ್ತದೆ. ಎಲ್ಲದಕ್ಕೂ ಕೈ ಹಾಕಿದರೆ ಯಾವುದೂ ಕೈಗೆ ಹತ್ತುವುದಿಲ್ಲ ಎಂಬ ಹಿರಿಯರ ಮಾತೂ ಕಿವಿಯಲ್ಲಿ ಇರುತ್ತದೆ.

ಇದಕ್ಕೆ ಎರಡು ನಿಮಿಷದಲ್ಲಿ, ಅದೂ ಎರಡು ಹಾಡುಗಳ ನಡುವೆ, ಉತ್ತರ ಹೇಳುವುದು ಕಷ್ಟ. ಹಾಗಾಗಿ ಈ ಸಲದ ಪುಟದಲ್ಲಿ ಒಂದು ಹಳೆಯ ಕಥೆ ಹೇಳೋಣ ಅನ್ನಿಸಿತು. ಇದು 'ಸಂಸ್ಕಾರ' ಸಿನಿಮಾ ಹುಟ್ಟಿದ ಕಥೆ. 1970ರ ಈ ಚಿತ್ರದ ಹೆಸರು ನೀವೆಲ್ಲ ಕೇಳಿಯೇ ಇರುತ್ತೀರಿ. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯನ್ನು ಮೊಟ್ಟಮೊದಲು ಕನ್ನಡಕ್ಕೆ ತಂದುಕೊಟ್ಟ ಚಿತ್ರ ಅದು. ಆದರೆ ಅದನ್ನು ಮಾಡಿದವರಲ್ಲಿ ಬಹುಮಂದಿ ಸಿನಿಮಾದವರೇ ಅಲ್ಲ ಅನ್ನುವುದು, ಅವರಲ್ಲಿ ಮುಖ್ಯರಾದ ಹಲವರು ಆಗ ಕರ್ನಾಟಕದಲ್ಲೇ ಇರಲಿಲ್ಲ ಅನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಆ ಚಿತ್ರ ಕುದಿದು ಪಾಕವಾದದ್ದು ಮದ್ರಾಸಿನಲ್ಲಿ, ನಮ್ಮ ನಿಮ್ಮ ಹಾಗೆ ಹೊರನಾಡಿನಲ್ಲಿ ಕೆಲಸ ಮಾಡಿಕೊಂಡಿದ್ದ ಜನರ ನಡುವೆ!

ಪುಸ್ತಕಕ್ಕೂ ಮೊದಲು ಒಂದು ಸಿನಿಮಾ

ಕಥೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಶುರುವಾಗುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ 1960ರ ದಶಕದ ನಡುವೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದರು. ಅವರ ಮಾರ್ಗದರ್ಶಕರು ಮಾಲ್ಕಂ ಬ್ರಾಡ್‌ಬರಿ, ಸ್ವತಃ ಕಾದಂಬರಿಕಾರರು. ಗುರು ಶಿಷ್ಯರಿಬ್ಬರೂ ಒಂದು ದಿನ ಸ್ವೀಡನ್ನಿನ ಇಂಗ್ಮಾರ್ ಬರ್ಗ್‌ಮನ್ ನಿರ್ದೇಶಿಸಿದ 'ದಿ ಸೆವೆಂತ್ ಸೀಲ್' ನೋಡಲು ಹೋದರು. 1957ರ ಆ ಚಿತ್ರದಲ್ಲಿ ಧರ್ಮಯುದ್ಧ ಮುಗಿಸಿ ಊರಿಗೆ ಮರಳಿದ ಯೋಧನೊಬ್ಬ, ಪ್ಲೇಗು ಹಬ್ಬಿದ ನಾಡಿನಲ್ಲಿ ಸಾವಿನ ಜೊತೆಯೇ ಚದುರಂಗ ಆಡುತ್ತಾನೆ. ದೇವರಿದ್ದಾನೆಯೇ ಎಂಬ ಪ್ರಶ್ನೆ ಅವನನ್ನು ಕೊರೆಯುತ್ತಿರುತ್ತದೆ. ಅನಂತಮೂರ್ತಿಯವರು ನೋಡಿದ ಪ್ರತಿಯಲ್ಲಿ ಸಬ್‌ಟೈಟಲ್ ಕೂಡ ಇರಲಿಲ್ಲ. ಭಾಷೆ ತಿಳಿಯದೆ, ಮುಖಗಳನ್ನೂ ನೆರಳು ಬೆಳಕನ್ನೂ ನೋಡುತ್ತಲೇ ಅವರು ಆ ಚಿತ್ರದ ಒಳಗೆ ಹೋದರು.

ಚಿತ್ರ ಮುಗಿದ ಮೇಲೆ ನಡೆದ ಮಾತುಕತೆಯನ್ನು ಅನಂತಮೂರ್ತಿ ಮುಂದೆ ಹಲವು ಕಡೆ ನೆನೆಸಿಕೊಂಡಿದ್ದಾರೆ. ಯೂರೋಪಿನವನೊಬ್ಬ ಮಧ್ಯಯುಗವನ್ನು ಪುಸ್ತಕ ಓದಿ ಕಲ್ಪಿಸಿಕೊಳ್ಳಬೇಕು. ನಿಮ್ಮಂಥವರಿಗಾದರೋ ಹಲವು ಕಾಲಗಳು ಒಟ್ಟಿಗೇ ಕಣ್ಣೆದುರು ಬದುಕಿವೆ ಎಂಬ ಅರ್ಥದ ಮಾತು ಅಲ್ಲಿ ಬಂತು. ಆ ಕಿಡಿ ಸಾಕಾಯಿತು. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯಬೇಕಿದ್ದ ವಿದ್ಯಾರ್ಥಿ ಕನ್ನಡದಲ್ಲಿ ಕಾದಂಬರಿ ಬರೆಯಲು ಕುಳಿತರು. 'ಸಂಸ್ಕಾರ' 1965ರಲ್ಲಿ ಪ್ರಕಟವಾಯಿತು.

ಕಥೆ ನಿಮಗೆ ಗೊತ್ತು. ದೂರ್ವಾಸಪುರ ಎಂಬ ಅಗ್ರಹಾರ. ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದ್ದ ನಾರಣಪ್ಪ ಸತ್ತಿದ್ದಾನೆ. ಹೆಣ ಮನೆಯಲ್ಲಿದೆ. ಸಂಸ್ಕಾರ ಯಾರು ಮಾಡಬೇಕು? ಆ ಖರ್ಚಿಗೆಂದು ನಾರಣಪ್ಪನ ಜೊತೆ ಬಾಳಿದ ಚಂದ್ರಿ ತನ್ನ ಒಡವೆ ಬಿಚ್ಚಿಕೊಡುತ್ತಾಳೆ. ಚಿನ್ನ ಕಂಡವರ ಮನಸ್ಸು ಡೋಲಾಯಮಾನವಾಗುತ್ತದೆ. ಪ್ರಾಣೇಶಾಚಾರ್ಯರು ಧರ್ಮಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ಸಿಗುವುದಿಲ್ಲ. ಇತ್ತ ಇಲಿಗಳು ಸಾಯತೊಡಗುತ್ತವೆ... ಬರ್ಗ್‌ಮನ್ನನ ಚಿತ್ರದಲ್ಲಿದ್ದ ಹಾಗೆ ಇಲ್ಲೂ ಪ್ಲೇಗು ಇದೆ, ನಂಬಿಕೆಯ ಸಂಕಟ ಇದೆ. ಆದರೆ ಸ್ವೀಡನ್ನಿನ ಒಂದು ಎಳೆಯೂ ಇಲ್ಲ, ಎಲ್ಲವೂ ಮಲೆನಾಡಿನದೇ. ಬಿ.ಎ.ಯಲ್ಲಿ ಕನ್ನಡ ಓದುವಾಗ ಪರೀಕ್ಷೆಗೆಂದು ಈ ಕಾದಂಬರಿಯ ಪಾತ್ರಚಿತ್ರಣ, ಸಂಕೇತ, ತಂತ್ರ ಎಲ್ಲವನ್ನೂ ನಾವು ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದೆವು. ಅದರ ಹಿಂದೆ ಒಂದು ಸಿನಿಮಾ ಇದೆ ಅನ್ನುವುದು ಆ ಪಟ್ಟಿಯಲ್ಲಿ ಇರಲಿಲ್ಲ.

ಬರ್ಗ್‌ಮನ್ನನ ಚಿತ್ರದಿಂದ ಅನಂತಮೂರ್ತಿ ದೃಶ್ಯಗಳನ್ನು ಎತ್ತಿಕೊಂಡು ಬರಲಿಲ್ಲ. ನನ್ನ ಊರಿನಲ್ಲಿ ಈ ಪ್ರಶ್ನೆ ಯಾವ ರೂಪದಲ್ಲಿ ಇದೆ ಎಂದು ಕೇಳಿಕೊಂಡರು. ಒಂದು ಕಲೆ ಇನ್ನೊಂದಕ್ಕೆ ಕೊಡಬಲ್ಲ ದೊಡ್ಡ ಕೊಡುಗೆ ಇಂಥ ಪ್ರಶ್ನೆಯೇ ಇರಬೇಕು.

ಆಗಿನ ಮದ್ರಾಸು

ಈಗ ಇಂಗ್ಲೆಂಡಿನಿಂದ ಮದ್ರಾಸಿಗೆ ಬರೋಣ. ಆ ಹೊತ್ತಿಗೆ ಗಿರೀಶ ಕಾರ್ನಾಡರು ಅಲ್ಲಿದ್ದರು. 1938ರಲ್ಲಿ ಹುಟ್ಟಿದ ಅವರು ಆಕ್ಸ್‌ಫರ್ಡಿನಲ್ಲಿ ಓದು ಮುಗಿಸಿ, 1963ರಲ್ಲಿ ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ್ದರು. 'ಯಯಾತಿ' 1961ರಲ್ಲೇ ಬಂದಿತ್ತು, 'ತುಘಲಕ್' 1964ರಲ್ಲಿ ಬಂತು. ಹಗಲು ಪ್ರಕಾಶನದ ಕೆಲಸ, ಸಂಜೆ ನಾಟಕ. 1970ರ ತನಕ ಇದೇ ಅವರ ದಿನಚರಿ. ಅವರ ಆತ್ಮಕಥೆ 'ಆಡಾಡತ ಆಯುಷ್ಯ' ಓದಿದವರಿಗೆ ಈ ಮದ್ರಾಸಿನ ವರ್ಷಗಳ ಪರಿಚಯ ಇರುತ್ತದೆ.

ಸಂಜೆಯ ನಾಟಕ ಎಂದರೆ ಮದ್ರಾಸ್ ಪ್ಲೇಯರ್ಸ್. 1955ರಲ್ಲಿ ಶುರುವಾದ ಈ ಹವ್ಯಾಸಿ ತಂಡ ಇಂಗ್ಲಿಷಿನಲ್ಲಿ ನಾಟಕ ಆಡುತ್ತಿತ್ತು. ಅದರ ಸ್ಥಾಪಕರಲ್ಲಿ ಒಬ್ಬರು ಸ್ನೇಹಲತಾ ರೆಡ್ಡಿ. ಅವರ ಪತಿ ತಿಕ್ಕವರಪು ಪಟ್ಟಾಭಿರಾಮ ರೆಡ್ಡಿ, ನೆಲ್ಲೂರಿನವರು. ತೆಲುಗು ಸಾಹಿತ್ಯ ಬಲ್ಲ ಹೈದರಾಬಾದಿನ ಕೇಳುಗರಿಗೆ ಪಟ್ಟಾಭಿ ಎಂದರೆ ತಟ್ಟನೆ ಗೊತ್ತಾಗುತ್ತದೆ. ಛಂದಸ್ಸಿನ ಕಟ್ಟುಪಾಡನ್ನು ಬೇಕೆಂದೇ ಮುರಿದು 1939ರಲ್ಲಿ ಅವರು ತಂದ ಕವನ ಸಂಕಲನ ಆಗ ಸಾಕಷ್ಟು ಗದ್ದಲ ಎಬ್ಬಿಸಿತ್ತು. ಆಮೇಲೆ ಅವರು ಚಿತ್ರ ನಿರ್ಮಾಣಕ್ಕೂ ಬಂದರು. 1958ರ ತೆಲುಗು ಚಿತ್ರ 'ಪೆಳ್ಳಿನಾಟಿ ಪ್ರಮಾಣಾಲು' ನಿರ್ಮಾಣದಲ್ಲಿ ಅವರ ಪಾಲಿತ್ತು. ನಿರ್ದೇಶನ ಮಾತ್ರ ಅಲ್ಲಿಯವರೆಗೆ ಮಾಡಿರಲಿಲ್ಲ.

ಊರಿನ ದಕ್ಷಿಣಕ್ಕೆ, ಈಂಜಂಬಾಕ್ಕಂ ಎಂಬಲ್ಲಿ, ಕಡಲ ದಂಡೆಯ ಮರಳಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಮದ್ರಾಸಿನ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿದ್ದ ಕೆ.ಸಿ.ಎಸ್. ಪಣಿಕ್ಕರ್ ತಮ್ಮ ಶಿಷ್ಯರನ್ನು ಕಟ್ಟಿಕೊಂಡು 1966ರಲ್ಲಿ ಚೋಳಮಂಡಲ ಕಲಾಗ್ರಾಮವನ್ನು ಸ್ಥಾಪಿಸಿದರು. ಚಿತ್ರ ಮಾರಿ ಹೊಟ್ಟೆ ಹೊರೆಯುವುದು ಆಗ ಸಾಧ್ಯವಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ ಸರಳ. ಬಾಟಿಕ್ ಬಟ್ಟೆ ಮತ್ತಿತರ ಕರಕುಶಲ ವಸ್ತುಗಳನ್ನು ತಾವೇ ತಯಾರಿಸಿ ಮಾರುವುದು. ಆ ದುಡ್ಡಿನಲ್ಲಿ ಬದುಕಿ, ಉಳಿದ ವೇಳೆಯಲ್ಲಿ ಯಾರ ಹಂಗೂ ಇಲ್ಲದೆ ಚಿತ್ರ ಬರೆಯುವುದು. ಕಸುಬು ಕಲೆಯನ್ನು ಸಾಕುತ್ತಿತ್ತು. ಅಲ್ಲಿ ಮೊದಲಿನಿಂದ ಇದ್ದವರಲ್ಲಿ ಮೈಸೂರಿನ ಎಸ್.ಜಿ. ವಾಸುದೇವ್ ಒಬ್ಬರು.

ಈ ಮೂರೂ ಗುಂಪಿನವರು ಒಬ್ಬರ ಮನೆಗೆ ಒಬ್ಬರು ಹೋಗಿ ಬರುತ್ತಿದ್ದರು. ನಾಟಕದವರ ಮಾತು ಚಿತ್ರಕಾರರ ಕಿವಿಗೆ ಬೀಳುತ್ತಿತ್ತು, ಚಿತ್ರಕಾರರ ಜಗಳ ಕವಿಯ ಕಿವಿಗೆ. ಯಾರ ಹೊಟ್ಟೆಪಾಡೂ ಇನ್ನೊಬ್ಬರ ಮೆಚ್ಚುಗೆಯ ಮೇಲೆ ನಿಂತಿರಲಿಲ್ಲವಾದ್ದರಿಂದ ಮಾತು ನೇರವಾಗಿ ಆಡಬಹುದಿತ್ತು. ಇಂಥ ಕಡೆಗೆ 'ಸಂಸ್ಕಾರ' ಕಾದಂಬರಿ ಬಂದು ಬಿತ್ತು.

ಯಾರು ಏನು ತಂದರು?

ಇನ್ನೊಂದು ಸಂಗತಿ ಗಮನಿಸಿ. 1960ರ ದಶಕದಲ್ಲಿ ಕನ್ನಡ ಚಿತ್ರರಂಗದ ಬೇರು ಕೂಡ ಮದ್ರಾಸಿನಲ್ಲೇ ಇತ್ತು. ಸ್ಟುಡಿಯೋಗಳು ಅಲ್ಲಿ, ಲ್ಯಾಬುಗಳು ಅಲ್ಲಿ, ತಂತ್ರಜ್ಞರು ಅಲ್ಲಿ. ಕರ್ನಾಟಕದ ಹಳ್ಳಿಯನ್ನು ಮದ್ರಾಸಿನ ಸ್ಟುಡಿಯೋದಲ್ಲಿ ಹಲಗೆ, ಬಣ್ಣ ಬಳಸಿ ಕಟ್ಟಿ ಚಿತ್ರ ತೆಗೆಯುವುದು ಆಗ ಮಾಮೂಲು. ಪಟ್ಟಾಭಿ ತಂಡದವರು ಉಲ್ಟಾ ಮಾಡಿದರು. ಸ್ಟುಡಿಯೋ ಇದ್ದ ಊರನ್ನು ಬಿಟ್ಟು, ಶೃಂಗೇರಿಯ ಹತ್ತಿರದ ವೈಕುಂಠಪುರ ಎಂಬ ಹಳ್ಳಿಗೆ ಹೋದರು.

ನಿರ್ದೇಶನ ಪಟ್ಟಾಭಿಯವರದು. ಚಿತ್ರಕಥೆ ಬರೆದು, ಪ್ರಾಣೇಶಾಚಾರ್ಯರ ಪಾತ್ರವನ್ನೂ ಮಾಡಿದವರು ಕಾರ್ನಾಡರು. ನಾಟಕಕಾರನಾಗಿ ಅವರಿಗೆ ಮಾತಿನ ಶಕ್ತಿ ಚೆನ್ನಾಗಿ ಗೊತ್ತಿತ್ತು. ಸಿನಿಮಾದಲ್ಲಿ ಆ ಶಕ್ತಿಯನ್ನು ಎಲ್ಲಿ ಬಳಸಬಾರದು ಎಂಬುದು ಅವರು ಹೊಸದಾಗಿ ಕಲಿಯಬೇಕಾದ ಪಾಠವಾಗಿತ್ತು. ಕಾದಂಬರಿಯಲ್ಲಿ ಆಚಾರ್ಯರ ತೊಳಲಾಟವೆಲ್ಲ ಮನಸ್ಸಿನ ಒಳಗೆ, ಪುಟಗಟ್ಟಲೆ ನಡೆಯುತ್ತದೆ. ರಂಗದ ಮೇಲಾದರೆ ಅದನ್ನು ಸ್ವಗತ ಮಾಡಬಹುದು. ಕ್ಯಾಮೆರಾದ ಮುಂದೆ ನಡೆಯುವುದು, ಕೂರುವುದು, ದೃಷ್ಟಿ ತಪ್ಪಿಸುವುದು ಇವೇ ಮಾತಾಗಬೇಕು. ಬರೆದವರೇ ನಟಿಸಬೇಕಾಗಿ ಬಂದದ್ದು ಇಲ್ಲಿ ಲಾಭವೇ ಆಯಿತು. ಮುಖ ಹೇಳಬಲ್ಲದ್ದನ್ನು ಸಂಭಾಷಣೆಯಲ್ಲಿ ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ.

ನಾರಣಪ್ಪನ ಪಾತ್ರಕ್ಕೆ ಬಂದವರು ಪಿ. ಲಂಕೇಶ್. ಆಗ ಅವರು ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರು, ನವ್ಯ ಕಥೆಗಾರರು. 'ಲಂಕೇಶ್ ಪತ್ರಿಕೆ' ಶುರುವಾಗಲು ಇನ್ನೂ ಹತ್ತು ವರ್ಷ ಇತ್ತು. ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಮುಂದೆ 'ಅಂಕಲ್' ಲೋಕನಾಥ್ ಎಂದು ಮನೆಮಾತಾದ ಸಿ.ಎಚ್. ಲೋಕನಾಥ್ ಸಿನಿಮಾದಲ್ಲಿ ಕಾಣಿಸಿಕೊಂಡದ್ದು ಇದರಲ್ಲೇ ಮೊದಲು. ಅವರೂ ರಂಗಭೂಮಿಯಿಂದ ಬಂದವರೇ.

ಕಲಾ ನಿರ್ದೇಶನ ವಾಸುದೇವ್ ಅವರದು. ಸ್ಟುಡಿಯೋದಲ್ಲಿ ಕಲಾ ನಿರ್ದೇಶಕನ ಕೆಲಸ ಖಾಲಿ ಜಾಗದಲ್ಲಿ ಒಂದೊಂದನ್ನೇ ತಂದು ಇಡುವುದು. ನಿಜವಾದ ಹಳ್ಳಿಯಲ್ಲಿ ಅದು ತಲೆಕೆಳಗಾಗುತ್ತದೆ. ಅಲ್ಲಿ ಎಲ್ಲವೂ ಮೊದಲೇ ಇದೆ: ಜಗಲಿ, ಕಂಬ, ಹಂಡೆ, ಒಗೆದು ಹಾಕಿದ ಬಟ್ಟೆ. ಯಾವುದನ್ನು ಉಳಿಸಬೇಕು, ಯಾವುದನ್ನು ಚೌಕಟ್ಟಿನಿಂದ ಹೊರಗೆ ಇಡಬೇಕು ಎಂದು ನಿರ್ಧರಿಸುವ ಕಣ್ಣು ಬೇಕು. ಖಾಲಿ ಕ್ಯಾನ್ವಾಸಿನ ಮುಂದೆ ವರ್ಷಗಟ್ಟಲೆ ನಿಂತು ಅಭ್ಯಾಸವಾದ ಚಿತ್ರಕಾರನಿಗೆ ಆ ಕಣ್ಣು ಇರುತ್ತದೆ. ಅದೂ ಈ ಚಿತ್ರ ಕಪ್ಪುಬಿಳುಪಿನದು. ಬಣ್ಣದ ಆಸರೆ ಇಲ್ಲ. ಬಿಳಿ ಗೋಡೆ, ಕತ್ತಲ ನಡುಮನೆ, ಒದ್ದೆ ಪಂಚೆ ಇಷ್ಟರಲ್ಲೇ ಎಲ್ಲ ಹೇಳಬೇಕು.

ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಮಲೆನಾಡೂ ಅಗ್ರಹಾರವೂ ಅವರಿಗೆ ಹೊಸತು. ಕನ್ನಡ ಸಂಸ್ಕೃತಿಯ ಒಳಮನೆಯ ಕಥೆಯನ್ನು ಹೊರಗಿನವನೊಬ್ಬನ ಕಣ್ಣಿಗೆ ಒಪ್ಪಿಸುವುದು ಸಣ್ಣ ಧೈರ್ಯವಲ್ಲ. ಆದರೆ ಯೋಚಿಸಿ ನೋಡಿ. ನಮಗೆ ಊಟದ ಎಲೆ ಎಂದರೆ ಬರೀ ಎಲೆ. ಹೊರಗಿನವನಿಗೆ ಅದರ ಆಕಾರ, ಅದರ ಮೇಲಿನ ಬೆಳಕು, ಬಡಿಸುವ ಕೈ ಎಲ್ಲವೂ ನೋಡುವಂಥವು. ಸಬ್‌ಟೈಟಲ್ ಇಲ್ಲದ ಸ್ವೀಡಿಷ್ ಚಿತ್ರವನ್ನು ಅನಂತಮೂರ್ತಿ ನೋಡಿದ ರೀತಿಗೂ, ಅಗ್ರಹಾರವನ್ನು ಕೋವನ್ ನೋಡಿರಬಹುದಾದ ರೀತಿಗೂ ಒಂದು ಸಂಬಂಧ ಇದೆ ಎಂದು ನನಗೆ ಅನ್ನಿಸುತ್ತದೆ. ಅರ್ಥ ಗೊತ್ತಿಲ್ಲದಾಗ ಕಣ್ಣು ಹೆಚ್ಚು ದುಡಿಯುತ್ತದೆ.

ಇನ್ನು ಸಂಗೀತ. ರೇಡಿಯೋದವರಾದ ನಮಗೆ ಇದರ ಮೇಲೆ ಸ್ವಲ್ಪ ಹೆಚ್ಚು ಪ್ರೀತಿ, ಕ್ಷಮೆ ಇರಲಿ! ಸಂಗೀತ ಕೊಟ್ಟವರು ರಾಜೀವ ತಾರಾನಾಥ್. ರಾಯಚೂರು ಸೀಮೆಯಲ್ಲಿ ಹೆಸರಾಗಿದ್ದ ಪಂಡಿತ ತಾರಾನಾಥರ ಮಗ, ಹುಟ್ಟಿದ್ದು 1932ರಲ್ಲಿ. ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕ, ಟಿ.ಎಸ್. ಎಲಿಯಟ್ ಬಗ್ಗೆ ಸಂಶೋಧನೆ ಮಾಡಿದ ವಿದ್ವಾಂಸ, ಕನ್ನಡದ ನವ್ಯ ವಿಮರ್ಶಕ. ಜೊತೆಗೆ ಉಸ್ತಾದ್ ಅಲಿ ಅಕ್ಬರ್ ಖಾನರ ಶಿಷ್ಯನಾಗಿ ಸರೋದ್ ವಾದಕ. ಸರೋದಿಗಾಗಿ ಅಧ್ಯಾಪನದ ಭದ್ರತೆಯನ್ನೂ ಬಿಟ್ಟುಕೊಟ್ಟು ಗುರುವನ್ನು ಹುಡುಕಿ ಹೋದವರು ಅವರು. 2024ರ ಜೂನ್ 11ರಂದು ಮೈಸೂರಿನಲ್ಲಿ ತೀರಿಕೊಳ್ಳುವ ತನಕ ಈ ಎರಡೂ ಲೋಕಗಳ ನಂಟನ್ನು ಬಿಡಲಿಲ್ಲ. 'ಸಂಸ್ಕಾರ'ದಲ್ಲಿ ಹಾಡುಗಳಿಲ್ಲ. ಕನ್ನಡ ಚಿತ್ರವೆಂದರೆ ಹಾಡು ಎಂದಿದ್ದ ಕಾಲದಲ್ಲಿ ಇದೇ ಒಂದು ಸುದ್ದಿ. ಸಾಹಿತ್ಯ ವಿಮರ್ಶಕನೇ ಸಂಗೀತಗಾರನೂ ಆಗಿದ್ದಾಗ ಒಂದು ಅನುಕೂಲವಿದೆ. ಈ ದೃಶ್ಯಕ್ಕೆ ಯಾವ ರಾಗ ಎಂದು ಕೇಳುವ ಮೊದಲು, ಈ ದೃಶ್ಯಕ್ಕೆ ಸಂಗೀತ ಬೇಕೇ ಎಂದು ಕೇಳಬಲ್ಲ.

ಕಸುಬು ಬಲ್ಲ ಕೈ

ಇಷ್ಟು ಓದಿ, "ಓಹೋ, ಗೊತ್ತಿಲ್ಲದವರೆಲ್ಲ ಸೇರಿದರೆ ಒಳ್ಳೆಯ ಸಿನಿಮಾ ಆಗುತ್ತದೆ" ಎಂದು ಯಾರಾದರೂ ತಿಳಿದುಕೊಂಡರೆ ಅದು ಪೂರ್ತಿ ಸತ್ಯವಲ್ಲ. ತಂಡದಲ್ಲಿ ಕಸುಬು ಬಲ್ಲವರೂ ಇದ್ದರು. ಮುಖ್ಯವಾಗಿ ಸಿಂಗೀತಂ ಶ್ರೀನಿವಾಸ ರಾವ್. ಮುಂದೆ 'ಪುಷ್ಪಕ ವಿಮಾನ' ಎಂಬ ಮಾತಿಲ್ಲದ ಚಿತ್ರದಿಂದಲೂ, ಡಾ. ರಾಜ್‌ಕುಮಾರ್ ಚಿತ್ರಗಳಿಂದಲೂ ನಮಗೆಲ್ಲ ಪ್ರಿಯರಾದ ಇದೇ ಸಿಂಗೀತಂ, ತೆಲುಗಿನ ದೊಡ್ಡ ನಿರ್ದೇಶಕ ಕೆ.ವಿ. ರೆಡ್ಡಿಯವರ ಕೈಕೆಳಗೆ ಪಳಗಿದವರು. 'ಸಂಸ್ಕಾರ'ದಲ್ಲಿ ಅವರು ಪಟ್ಟಾಭಿಯವರ ಜೊತೆ ಕೆಲಸ ಮಾಡಿದರು. ಪಟ್ಟಾಭಿಯವರಿಗೂ ನಿರ್ಮಾಣದ ಲೆಕ್ಕಾಚಾರ ಗೊತ್ತಿತ್ತು.

ಉಳಿದವರು ಕೂಡ ಏನೂ ಗೊತ್ತಿಲ್ಲದವರಲ್ಲ. ಸಿನಿಮಾ ಅವರಿಗೆ ಹೊಸದು, ಅಷ್ಟೇ. ವಾಸುದೇವ್ ಕಲಾಶಾಲೆಯಲ್ಲಿ ವರ್ಷಗಟ್ಟಲೆ ಕಲಿತವರು. ರಾಜೀವರ ಬೆರಳುಗಳ ಹಿಂದೆ ಸಾವಿರಾರು ಗಂಟೆಗಳ ರಿಯಾಜ್ ಇತ್ತು. ಕಾರ್ನಾಡರು ಎರಡು ದೊಡ್ಡ ನಾಟಕ ಬರೆದಿದ್ದರು. ಒಂದೊಂದು ಕಲೆಯಲ್ಲಿ ಆಳಕ್ಕೆ ಇಳಿದವರು ಇನ್ನೊಂದು ಕಲೆಯ ಮನೆಗೆ ವಿದ್ಯಾರ್ಥಿಗಳಾಗಿ ಬಂದರು. ಹೀಗಾಗಿ, ಆ ಅಮ್ಮಂದಿರ ಪ್ರಶ್ನೆಗೆ ನಾನು ಈ ಕಥೆಯಿಂದ ತೆಗೆದುಕೊಳ್ಳುವ ಉತ್ತರ ಇದು: ಮಗುವಿಗೆ ಒಂದು ಬೇರು ಇರಲಿ, ಅದಕ್ಕೆ ದಿನವೂ ನೀರು ಬೀಳಲಿ. ಆದರೆ ಪಕ್ಕದ ತೋಟಕ್ಕೆ ಹೋಗುವ ಬಾಗಿಲಿಗೆ ಬೀಗ ಹಾಕಬೇಡಿ. ಸಂಗೀತ ಕಲಿಯುವ ಹುಡುಗಿ ವಾರಕ್ಕೊಮ್ಮೆ ನಾಟಕದ ತಾಲೀಮಿನಲ್ಲಿ ಸುಮ್ಮನೆ ಕೂತು ನೋಡಿದರೂ, ಮೌನ ಎಷ್ಟು ಹೊತ್ತು ನಿಲ್ಲಬಲ್ಲದು ಎಂಬುದನ್ನು ಕಲಿಯುತ್ತಾಳೆ. ಅದು ಅವಳ ಆಲಾಪನೆಗೆ ಮರಳಿ ಬರುತ್ತದೆ.

ತಡೆ ಮತ್ತು ಪದಕ

ಚಿತ್ರ ಸಿದ್ಧವಾಯಿತು. ಮದ್ರಾಸಿನ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಬ್ರಾಹ್ಮಣ ಸಮುದಾಯದ ಬದುಕನ್ನು ಹೀಗೆ ತೆರೆದಿಟ್ಟರೆ ಗಲಭೆಯಾದೀತು ಎಂಬ ಅಂಜಿಕೆ. ಕಾದಂಬರಿಯ ಮೇಲೂ ಇಂಥ ಆಕ್ಷೇಪಗಳು ಬಂದಿದ್ದವು. ಓದುವುದು ಒಬ್ಬೊಬ್ಬರೇ ಮಾಡುವ ಕೆಲಸ, ಸಿನಿಮಾ ಊರೇ ಕೂತು ನೋಡುವಂಥದ್ದು ಎಂಬ ವ್ಯತ್ಯಾಸ ಅಧಿಕಾರಿಗಳ ತಲೆಯಲ್ಲಿ ಇದ್ದಿರಬೇಕು. ಪ್ರಕರಣ ಕೇಂದ್ರ ಸರ್ಕಾರದ ತನಕ ಹೋಗಿ, ಕೊನೆಗೆ ತಡೆ ತೆರವಾಯಿತು.

ಆಮೇಲೆ ನಡೆದದ್ದು ಇತಿಹಾಸ. 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ 'ಸಂಸ್ಕಾರ'ಕ್ಕೆ ಬಂತು. ಗಲಭೆಯ ಭಯದಿಂದ ತಡೆಹಿಡಿದಿದ್ದ ಚಿತ್ರಕ್ಕೇ ಆ ವರ್ಷದ ಅತಿ ದೊಡ್ಡ ಗೌರವ! ಅದರ ಬೆನ್ನಿಗೆ ಕನ್ನಡದಲ್ಲಿ ಒಂದು ಸಾಲು ಶುರುವಾಯಿತು. ಎಸ್.ಎಲ್. ಭೈರಪ್ಪನವರ ಕಾದಂಬರಿ ಆಧರಿಸಿ ಕಾರ್ನಾಡ್ ಮತ್ತು ಬಿ.ವಿ. ಕಾರಂತ ಜೊತೆಯಾಗಿ 'ವಂಶವೃಕ್ಷ' ಮಾಡಿದರು. 1973ರಲ್ಲಿ ಕಾರ್ನಾಡರ 'ಕಾಡು' ಬಂತು. ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ 'ಚೋಮನ ದುಡಿ' ತಂದರು. 1976ರಲ್ಲಿ ಲಂಕೇಶರು 'ಪಲ್ಲವಿ' ನಿರ್ದೇಶಿಸಿ ಅತ್ಯುತ್ತಮ ನಿರ್ದೇಶಕರೆಂದು ರಾಷ್ಟ್ರಪ್ರಶಸ್ತಿ ಪಡೆದರು. ಅದಕ್ಕೂ ಸಂಗೀತ ರಾಜೀವ ತಾರಾನಾಥರದೇ. 1977ರಲ್ಲಿ ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ', ಮತ್ತೆ ಅನಂತಮೂರ್ತಿಯವರ ಕಥೆ. ಈ ಪಟ್ಟಿಯಲ್ಲಿ ಎಷ್ಟು ಜನ ಸಾಹಿತ್ಯದಿಂದ, ರಂಗಭೂಮಿಯಿಂದ, ಸಂಗೀತದಿಂದ ಬಂದವರು ಎಂದು ಎಣಿಸಿ ನೋಡಿ. 'ಸಂಸ್ಕಾರ' ತೆರೆದ ಬಾಗಿಲು ಎಷ್ಟು ಅಗಲ ಎಂಬುದು ಗೊತ್ತಾಗುತ್ತದೆ.

ಸ್ನೇಹಲತಾ

ಇಲ್ಲಿಗೆ ಕಥೆ ಮುಗಿಸಿದರೆ ಸುಖಾಂತ್ಯ. ಆದರೆ ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ಅವರ ಮಾತು ಹೇಳದೆ ಮುಗಿಸಿದರೆ ಅನ್ಯಾಯವಾಗುತ್ತದೆ.

ಕಾದಂಬರಿಯಲ್ಲಿ ಪಂಡಿತರೆಲ್ಲ ಶಾಸ್ತ್ರ ಹುಡುಕುತ್ತ ಕೂತಿರುವಾಗ, ಹೆಣಕ್ಕೆ ಒಂದು ಗತಿ ಕಾಣಿಸುವವಳು ಚಂದ್ರಿ. ಯಾರಿಗೂ ಹೇಳದೆ, ಮುಸ್ಲಿಮನೊಬ್ಬನ ನೆರವಿನಿಂದ, ರಾತ್ರಿಯಲ್ಲಿ ಸುಟ್ಟು ಬರುತ್ತಾಳೆ. ಮಾತು ಕಡಿಮೆ, ಕೆಲಸ ಜಾಸ್ತಿ. ಆ ಪಾತ್ರ ಮಾಡಿದ ನಟಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ ಸುಮ್ಮನೆ ಕೂರಲಿಲ್ಲ. ಸಮಾಜವಾದಿ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ಒಡನಾಡಿಯಾಗಿದ್ದ ಸ್ನೇಹಲತಾರನ್ನು 1976ರ ಮೇ ತಿಂಗಳಲ್ಲಿ ಬಂಧಿಸಿ ಬೆಂಗಳೂರಿನ ಜೈಲಿನಲ್ಲಿ ಇಟ್ಟರು. ಅವರಿಗೆ ತೀವ್ರ ಅಸ್ತಮಾ ಇತ್ತು. ಜೈಲಿನಲ್ಲಿ ಅದು ಉಲ್ಬಣಿಸಿತು. 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದು ದಿನ ಕಳೆದು, ಜನವರಿ 20ರಂದು ಅವರು ತೀರಿಕೊಂಡರು. ಜೈಲಿನಲ್ಲಿ ಅವರು ಬರೆದಿಟ್ಟ ದಿನಚರಿ ಆಮೇಲೆ ಪುಸ್ತಕವಾಗಿ ಬಂತು.

ಪಟ್ಟಾಭಿಯವರು ಆಮೇಲೆ ಲಂಕೇಶರ ನಾಟಕವನ್ನು ಆಧರಿಸಿದ 'ಚಂಡಮಾರುತ', ಅನಂತರ 'ಶೃಂಗಾರ ಮಾಸ', 'ದೇವರ ಕಾಡು' ಚಿತ್ರಗಳನ್ನು ಕೊಟ್ಟರು. 2006ರಲ್ಲಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಅನಂತಮೂರ್ತಿ 2014ರಲ್ಲಿ, ಕಾರ್ನಾಡ್ 2019ರಲ್ಲಿ ಹೋದರು. ಮದ್ರಾಸಿನ ಆ ಗೆಳೆಯರ ಗುಂಪು ಮತ್ತೆ ಅದೇ ರೂಪದಲ್ಲಿ ಒಂದುಗೂಡಿ ಇನ್ನೊಂದು ಚಿತ್ರ ಮಾಡಲಿಲ್ಲ. ಹಲವು ಕಲೆಗಳು ಕೂಡುವ ಗಳಿಗೆಯೇ ಹಾಗೆ. ಅದಕ್ಕೆ ಕಟ್ಟಡ ಬೇಕಿಲ್ಲ, ಕಾಸು ಕೂಡ ಅಷ್ಟಾಗಿ ಬೇಕಿಲ್ಲ. ಒಂದೇ ಊರಿನಲ್ಲಿ, ಒಂದೇ ಹೊತ್ತಿನಲ್ಲಿ, ಪರಸ್ಪರ ನಂಬುವ ಐದಾರು ಮಂದಿ ಬೇಕು. ಅವರಲ್ಲಿ ಒಬ್ಬರು ಹೋದರೂ ಹದ ಬದಲಾಗುತ್ತದೆ.

ನಮ್ಮ ಊರುಗಳಲ್ಲಿ

ಹೊರನಾಡಿನ ನಮಗೆ ಈ ಕಥೆಯಲ್ಲಿ ಏನಿದೆ? ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದ್ ಯಾವ ಊರಿನ ಕನ್ನಡ ಸಂಘವನ್ನೇ ನೋಡಿ. ನಾಟಕದ ಬಳಗ ಒಂದು, ಭಜನೆ ಮತ್ತು ಸುಗಮ ಸಂಗೀತದ ಬಳಗ ಇನ್ನೊಂದು, ಪುಸ್ತಕ ಓದುವವರು ಮತ್ತೊಂದು. ಯಕ್ಷಗಾನದವರದು ಬೇರೆಯೇ ವಠಾರ. ಎಲ್ಲರೂ ಸೇರುವುದು ರಾಜ್ಯೋತ್ಸವದ ದಿನ, ಅದೂ ಒಬ್ಬರಾದ ಮೇಲೆ ಒಬ್ಬರು ವೇದಿಕೆ ಹತ್ತಿ ಇಳಿಯಲು. ಒಬ್ಬರ ಕಾರ್ಯಕ್ರಮವನ್ನು ಇನ್ನೊಬ್ಬರು ಪ್ರೇಕ್ಷಕರಾಗಿ ನೋಡಿ ಚಪ್ಪಾಳೆ ತಟ್ಟುತ್ತೇವೆ. ತಾಲೀಮು ಮಾತ್ರ ನೋಡುವುದಿಲ್ಲ.

ಮದ್ರಾಸಿನವರು ಮಾಡಿದ್ದು ಅದನ್ನೇ. ಮುಗಿದ ಕೃತಿಗಿಂತ ಹೆಚ್ಚಾಗಿ, ಮುಗಿಯದ ಕೃತಿಯ ಹತ್ತಿರ ಅವರು ಕೂತರು. ಬಣ್ಣ ಒಣಗುವ ಮುನ್ನ ಚಿತ್ರ ನೋಡಿದರು, ಮಾತು ಬಾಯಿಪಾಠ ಆಗುವ ಮುನ್ನ ನಾಟಕ ಕೇಳಿದರು. ನಮ್ಮಲ್ಲೂ ತಿಂಗಳಿಗೊಂದು ಭಾನುವಾರ ಹೀಗೆ ಆಗಬಹುದಲ್ಲ? ಕವನ ಬರೆಯುವವರು ತಬಲಾ ಕಲಿಯುವವರ ಮನೆಗೆ ಹೋಗಲಿ. ಚಿತ್ರ ಬರೆಯುವವರು ಯಕ್ಷಗಾನದ ಬಣ್ಣದ ಮನೆಯಲ್ಲಿ, ವೇಷ ಕಟ್ಟುವ ಹೊತ್ತಿಗೆ, ಒಂದು ಮೂಲೆಯಲ್ಲಿ ಕೂರಲಿ. ಸಲಹೆ ಕೊಡಬೇಕಿಲ್ಲ, ನೋಡಿದರೆ ಸಾಕು. ಭಾಷೆ ಬಾರದ ನೆರೆಹೊರೆಯವರನ್ನೂ ಕರೆಯಿರಿ. 'ಸಂಸ್ಕಾರ'ದ ನಿರ್ದೇಶಕ ತೆಲುಗಿನವರು, ಕ್ಯಾಮೆರಾದವರು ಆಸ್ಟ್ರೇಲಿಯಾದವರು. ಆದರೂ ಅದು ಅಪ್ಪಟ ಕನ್ನಡ ಚಿತ್ರ. ಮನೆಗೆ ಪರರನ್ನು ಕರೆದರೆ ಮನೆ ಪರರದಾಗುವುದಿಲ್ಲ.

ಕೊನೆಗೆ ಒಂದು ಪುಟ್ಟ ಮನೆಗೆಲಸ, ಕೇಳುಗರಿಗೆ ಮಾತ್ರ! 'ಸಂಸ್ಕಾರ' ಚಿತ್ರ ನಿಮಗೆ ಸಿಕ್ಕರೆ ಒಮ್ಮೆ ನೋಡಿ. ಆಮೇಲೆ ಮತ್ತೊಮ್ಮೆ ಮೊದಲ ಹತ್ತು ನಿಮಿಷ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿ. ಎಲ್ಲಿ ಸಂಗೀತ ಇದೆ, ಎಲ್ಲಿ ಮಾತು ನಿಂತಿದೆ, ಎಲ್ಲಿ ಏನೂ ಇಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ. ಮೂರನೆಯ ಸಲ ಧ್ವನಿ ಪೂರಾ ತಗ್ಗಿಸಿ, ಬರೀ ನೋಡಿ. ಏನು ಕೇಳಿಸಿತು, ಏನು ಕಾಣಿಸಿತು ಎಂದು ನಮ್ಮ ಕಾರ್ಯಕ್ರಮಕ್ಕೆ ಬರೆದು ಕಳಿಸಿ. ಆಯ್ದ ಪತ್ರಗಳನ್ನು ಗಾಳಿಯಲ್ಲಿ ಓದುತ್ತೇವೆ.

ಮತ್ತೆ ಸಿಗೋಣ. ಕೇಳುತ್ತಿರಿ, ಕನ್ನಡದಲ್ಲೇ ಹರಟುತ್ತಿರಿ.